ತಾಲೀಮಿನಲ್ಲಿ ಬೈಗುಳ, ಕಿರುಕುಳ: ನಾಟಕದವರು ಯಾರನ್ನು ಕೇಳಬೇಕು?

ಲೈಟ್ ಬೋರ್ಡ್:
ಎಲ್ಲರಿಗೂ ನಮಸ್ಕಾರ. ಕೊಡಗಿನ ಒಂದು ಹವ್ಯಾಸಿ ನಾಟಕ ತಂಡದಲ್ಲಿ ನಾನು ಬೆಳಕು ನೋಡಿಕೊಳ್ಳುತ್ತೇನೆ. ತಂಡದ ಹೆಸರು ಹೇಳಲ್ಲ, ಊರೂ ಬೇಡ. ಜಿಲ್ಲೆ ಚಿಕ್ಕದು, ಹೇಳದೆಯೂ ಕೆಲವರಿಗೆ ಗೊತ್ತಾಗಬಹುದು. ಗೊತ್ತಾದವರು ದಯವಿಟ್ಟು ಇಲ್ಲಿ ಬರೆಯಬೇಡಿ.

ನಮ್ಮ ನಿರ್ದೇಶಕರು ನಾಟಕ ಚೆನ್ನಾಗಿ ಕಟ್ಟುತ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಲೀಮಿನಲ್ಲಿ ಅವರ ಬಾಯಿಗೆ ಲಂಗು ಲಗಾಮಿಲ್ಲ. ಮಾತು ತಪ್ಪಿದ ಹುಡುಗಿಯ ಮೈಕಟ್ಟಿನ ಬಗ್ಗೆ ಎಲ್ಲರೆದುರು ಆಡಿಕೊಳ್ಳುತ್ತಾರೆ. 'ಭಾವ ಬರ್ತಾ ಇಲ್ಲ' ಅಂತ ಭುಜ, ಸೊಂಟ ಹಿಡಿದು ನಿಲ್ಲಿಸುತ್ತಾರೆ. ಬೇಡ ಸರ್ ಅಂದವಳಿಗೆ ಮುಂದಿನ ನಾಟಕದಲ್ಲಿ ಪಾತ್ರ ಇರಲ್ಲ. ತಾಲೀಮು ಮುಗಿಯುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಅಷ್ಟು ಹೊತ್ತಿಗೆ ನಮ್ಮ ಕಡೆಗೆ ಬಸ್ಸಿಲ್ಲ. ಮನೆಗೆ ಬಿಡುವುದು ಅವರ ಜೀಪೇ. ಮುಂದಿನ ಸೀಟಿನಲ್ಲಿ ಯಾರು ಕೂರಬೇಕು ಅಂತ ಅವರೇ ಹೇಳ್ತಾರೆ. ಕೊನೆಗೆ ಇಳಿಯುವವಳು ಯಾರು ಅನ್ನುವುದೂ ಅವರದೇ ತೀರ್ಮಾನ. ಹೆಂಗಸರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನೊಂದು ವಿಷಯವೂ ಇದೆ. ನಮ್ಮಲ್ಲಿ ಒಬ್ಬ ಯರವ ಹುಡುಗ ಇದ್ದಾನೆ, ಪರಿಶಿಷ್ಟ ಪಂಗಡದವನು. ತುಂಬಾ ಒಳ್ಳೆ ನಟ. ಅವನ ಹೆಸರು ಹಿಡಿದು ಯಾರೂ ಕರೆಯಲ್ಲ, ಜಾತಿ ಹಿಡಿದೇ ಕರೆಯುತ್ತಾರೆ. ಇಷ್ಟು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಆಳಿನ ಪಾತ್ರ, ಕಾಡಿನವನ ಪಾತ್ರ. ಸೆಟ್ ಹೊರುವಾಗ ಮಾತ್ರ ಎಲ್ಲರಿಗಿಂತ ಮೊದಲು ಅವನ ನೆನಪಾಗುತ್ತದೆ.

ನಾವು ಕೆಲವರು ಸೇರಿ ಸಂಘದ ಅಧ್ಯಕ್ಷರಿಗೆ ಪತ್ರ ಕೊಟ್ಟೆವು. ಉತ್ತರ ವಾಟ್ಸಾಪ್ ಗ್ರೂಪಿನಲ್ಲಿ ಬಂತು: 'ನಾವೆಲ್ಲ ಒಂದೇ ಮನೆಯವರು. ಮನೆ ಮಾತು ಬೀದಿಗೆ ತರಬೇಡಿ.' ಆಮೇಲೆ ಸಹಿ ಹಾಕಿದವರನ್ನೆಲ್ಲ ಗ್ರೂಪಿನಿಂದ ತೆಗೆದರು.

ನಮಗೆ ಸಂಬಳ ಇಲ್ಲ. ನೇಮಕದ ಪತ್ರ ಇಲ್ಲ. ಆಫೀಸಿನಲ್ಲಾದರೆ ದೂರು ಕೊಡಬಹುದು, ಇಲ್ಲಿ ಯಾರಿಗೆ ಕೊಡೋದು?

ನಿರ್ವಾಹಕರು:
ಅಕ್ಕ, ಹೆಸರು ಹಾಕದೆ ಬರೆದದ್ದು ಒಳ್ಳೆಯದಾಯಿತು. ಉಳಿದವರಿಗೂ ಹೇಳಿಬಿಡುತ್ತೇನೆ: ತಂಡ, ನಿರ್ದೇಶಕರು, ಊರು ಯಾವುದನ್ನೂ ಊಹಿಸಿ ಬರೆಯುವಂತಿಲ್ಲ. ಬರೆದರೆ ಅಳಿಸುತ್ತೇನೆ. ಸುಳಿವು ಕೊಡುವ ಜಾಣತನವೂ ಬೇಡ.

ಹಳೇ ಬಣ್ಣ:
ನಾನು ಈ ಜಿಲ್ಲೆಯಲ್ಲಿ ಬಣ್ಣ ಹಚ್ಚಲು ಶುರುಮಾಡಿದಾಗ ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿರಲಿಲ್ಲ. ನಮ್ಮ ಗುರುಗಳು ಬೆತ್ತ ಹಿಡಿದೇ ತಾಲೀಮು ಮಾಡಿಸುತ್ತಿದ್ದರು. ಚಪ್ಪಲಿಯಲ್ಲಿ ಹೊಡೆಸಿಕೊಂಡವರೂ ಇದ್ದಾರೆ. ಯಾರೂ ಪತ್ರ ಬರೆಯಲಿಲ್ಲ. 1906ರಲ್ಲಿ ಹರದಾಸ ಅಪ್ಪಚ್ಚ ಕವಿಗಳು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕ ಬರೆದ ಕಾಲದಿಂದ ಇವತ್ತಿನವರೆಗೆ ಇಲ್ಲಿ ರಂಗಭೂಮಿ ಉಳಿದದ್ದು ಹೊಟ್ಟೆ ಕಟ್ಟಿ ದುಡಿದವರಿಂದ. ಮುಂಗಾರು ಹಿಡಿದರೆ ಪ್ರೇಕ್ಷಕರು ಬರಲ್ಲ, ಕಾಫಿ ಕುಯ್ಲಿನಲ್ಲಿ ನಟರು ಬರಲ್ಲ. ನಡುವೆ ಸಿಗುವ ನಾಲ್ಕು ದಿನದಲ್ಲಿ ನಾಟಕ ಏಳಬೇಕು. ಅಲ್ಲಿ ನಿರ್ದೇಶಕ ಮೆತ್ತಗೆ ಮಾತಾಡುತ್ತಾ ಕೂತರೆ ಪರದೆ ಏಳಲ್ಲ. ಬೈದದ್ದನ್ನೆಲ್ಲ ಕಿರುಕುಳ ಅಂದರೆ ಹೇಗೆ?

ಕಾಫಿ ಹೂ:
ಹಳೇ ಬಣ್ಣ ಸರ್, ಅಪ್ಪಚ್ಚ ಕವಿಗಳನ್ನು ಇದರೊಳಗೆ ಯಾಕೆ ಎಳೆಯುತ್ತೀರಿ? ಅವರು ನಾಟಕ ಬರೆದರು. ಹುಡುಗಿಯರ ಸೊಂಟ ಹಿಡಿಯಿರಿ ಅಂತ ಬರೆಯಲಿಲ್ಲ.

ನಾನೂ ವಿರಾಜಪೇಟೆ ಕಡೆ ಹದಿನೈದು ವರ್ಷದಿಂದ ನಾಟಕ ಮಾಡಿಕೊಂಡು ಬಂದವಳು. ನನ್ನನ್ನೂ ಬೈದಿದ್ದಾರೆ. 'ನಿನ್ನ ಧ್ವನಿ ಮೂರನೇ ಸಾಲಿಗೂ ಕೇಳಲ್ಲ, ಮನೆಗೆ ಹೋಗಿ ಅಭ್ಯಾಸ ಮಾಡ್ಕೊಂಡು ಬಾ' ಅಂದರೆ ಅದು ಬೈಗುಳ. ಬೇಜಾರಾಗುತ್ತದೆ, ಅಳು ಬರುತ್ತದೆ, ಆದರೆ ಮನೆಗೆ ಹೋಗಿ ಧ್ವನಿ ತಿದ್ದಿಕೊಳ್ಳಬಹುದು. 'ನಿನ್ನ ಎದೆ ನೋಡಿದ್ರೆ ಸೀತೆ ಥರಾ ಕಾಣಲ್ಲ' ಅಂದರೆ ನಾನು ಏನನ್ನು ತಿದ್ದಿಕೊಳ್ಳಲಿ? ಎರಡರ ನಡುವೆ ಗೆರೆ ಎಲ್ಲಿದೆ ಅಂತ ಗಂಡಸರು ಬಹಳ ಕಷ್ಟದ ಪ್ರಶ್ನೆ ಥರಾ ಕೇಳ್ತಾರೆ. ನಮಗೆ ಅಷ್ಟೇನೂ ಕಷ್ಟ ಆಗಲ್ಲ.

ಮತ್ತೆ ಆ ಜೀಪಿನ ವಿಷಯ. ಅದನ್ನು ಓದಿ ನನಗೆ ಮೈ ಉರಿಯಿತು. ಬೆಂಗಳೂರಿನಲ್ಲಾದರೆ ಫೋನ್ ಒತ್ತಿ ಆಟೋ ಕರೆಯಬಹುದು. ಇಲ್ಲಿ ಜೂನ್ ತಿಂಗಳ ಮಳೆಯಲ್ಲಿ, ಕರೆಂಟ್ ಇಲ್ಲದ ತೋಟದ ರಸ್ತೆಯಲ್ಲಿ, ಜೀಪ್ ಯಾರ ಕೈಯಲ್ಲಿದೆಯೋ ಅವನದೇ ರಾಜ್ಯ. ನೆಟ್‌ವರ್ಕೂ ಸಿಗಲ್ಲ.

ಎರಡನೇ ಸಾಲು:
ಇದಕ್ಕೆಲ್ಲ ಕಾನೂನು ಅಂತ ಏನಾದರೂ ಇದೆಯಾ, ಇಲ್ಲಾ ಸುಮ್ನೆ ಇಲ್ಲಿ ಮಾತಾಡಿ ಮಲಗೋದಾ?

ವಕೀಲರ ಕಟ್ಟೆ:
ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಲೈಟ್ ಬೋರ್ಡ್ ಅವರು 'ಸಂಬಳ ಇಲ್ಲ' ಅಂದಿದ್ದಾರೆ. ಅಲ್ಲಿಂದಲೇ ಶುರು ಮಾಡೋಣ, ಯಾಕಂದ್ರೆ ಎಲ್ಲ ತಂಡದವರೂ ಅದನ್ನೇ ಗುರಾಣಿ ಮಾಡಿಕೊಳ್ಳುವುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆಯಲ್ಲ, ಪೋಶ್ ಅಂತ ಕರೆಯುತ್ತೇವೆ, ಅದರಲ್ಲಿ ಉದ್ಯೋಗಿ ಅಂದರೆ ತಿಂಗಳ ಸಂಬಳದವರು ಮಾತ್ರ ಅಲ್ಲ. ದಿನಗೂಲಿ, ತಾತ್ಕಾಲಿಕ, ತರಬೇತಿಯಲ್ಲಿರುವವರು, ಕಡೆಗೆ ಹಣ ಪಡೆಯದೆ ಸ್ವಯಂಸೇವೆ ಮಾಡುವವರೂ ಸೇರುತ್ತಾರೆ. ಸಂಭಾವನೆ ಇರಲಿ ಬಿಡಲಿ ಅಂತ ಕಾಯ್ದೆಯೇ ಹೇಳುತ್ತದೆ. ಕೆಲಸದ ಸ್ಥಳ ಅನ್ನುವುದಕ್ಕೂ ಹಾಗೇ ಅಗಲವಾದ ಅರ್ಥ ಇದೆ. ಸಂಘ, ಟ್ರಸ್ಟ್, ಮನರಂಜನೆಯ ಚಟುವಟಿಕೆ ನಡೆಸುವ ಸಂಸ್ಥೆ ಎಲ್ಲವೂ ಬರುತ್ತವೆ. ಕೆಲಸದ ಸಲುವಾಗಿ ಹೋದ ಜಾಗವೂ ಬರುತ್ತದೆ. ಮಾಲೀಕರ ಕಡೆಯಿಂದ ಒದಗಿಸಿದ ವಾಹನವೂ ಬರುತ್ತದೆ. ಅಂದರೆ ನಿಮ್ಮ ತಾಲೀಮು ನಡೆಯುವ ಶಾಲೆಯ ಹಾಲ್, ಪ್ರದರ್ಶನಕ್ಕೆ ಹೋದ ಊರಿನ ಗ್ರೀನ್ ರೂಮ್, ರಾತ್ರಿಯ ಆ ಜೀಪ್, ಮೂರೂ ಕೆಲಸದ ಸ್ಥಳ ಅಂತಲೇ ನೀವು ವಾದಿಸಬಹುದು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ಹೊರಗಿನವರು ಒಬ್ಬರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಇಲ್ಲಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ನಿಮ್ಮಲ್ಲಿ ತಂಡ ನಡೆಸುವವರೇ ನಿರ್ದೇಶಕರು. ಹಾಗಾಗಿ ನೇರ ಸ್ಥಳೀಯ ಸಮಿತಿಗೆ ಹೋಗಿ. 'ನಮ್ಮ ತಂಡದಲ್ಲಿ ಸಮಿತಿ ಇಲ್ಲ, ಹಾಗಾಗಿ ದೂರೂ ಇಲ್ಲ' ಅನ್ನುವ ಮಾತು ನಡೆಯಲ್ಲ. ಇಂಥ ಸಮಿತಿಗಳು ಕಾಗದದ ಮೇಲೆ ಮಾತ್ರ ಇವೆ ಅಂತ ಸುಪ್ರೀಂ ಕೋರ್ಟಿಗೂ ಗೊತ್ತು. 2024ರ ಡಿಸೆಂಬರಿನಲ್ಲಿ ಅದು ಪ್ರತಿ ಜಿಲ್ಲೆಗೂ ಅಧಿಕಾರಿ, ಸ್ಥಳೀಯ ಸಮಿತಿ, ತಾಲೂಕಿಗೊಬ್ಬ ನೋಡಲ್ ಅಧಿಕಾರಿ ಇರಲೇಬೇಕು ಅಂತ ಗಡುವು ಹಾಕಿ ಹೇಳಿದೆ. ಮಡಿಕೇರಿಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಆನ್‌ಲೈನಿನಲ್ಲಿ ಶೀ ಬಾಕ್ಸ್ ಅಂತ ಕೇಂದ್ರ ಸರ್ಕಾರದ ತಾಣವೂ ಇದೆ.

ಒಂದು ಎಚ್ಚರಿಕೆ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ಮಾತುಕತೆ ಆಗಲಿ, ಹಬ್ಬ ಮುಗಿಯಲಿ, ಪ್ರದರ್ಶನ ಮುಗಿಯಲಿ ಅಂತ ದಿನ ತಳ್ಳುವವರು ಈ ಲೆಕ್ಕ ತಿಳಿದೇ ತಳ್ಳುತ್ತಾರೆ.

ಲೈಟ್ ಬೋರ್ಡ್:
ಸರ್, ದೂರು ಬರೆಯಲು ಬರದಿದ್ದರೆ? ನಮ್ಮಲ್ಲೊಬ್ಬಳು ಕನ್ನಡ ಓದುತ್ತಾಳೆ, ಬರೆಯೋದು ಕಷ್ಟ. ವಕೀಲರ ಫೀಸು ಕೊಡುವ ಶಕ್ತಿಯೂ ಇಲ್ಲ.

ವಕೀಲರ ಕಟ್ಟೆ:
ಬರೆಯಲಾಗದಿದ್ದರೆ ಬರೆದುಕೊಳ್ಳಲು ಸಮಿತಿಯವರೇ ಸಹಾಯ ಮಾಡಬೇಕು. ಅದು ಅವರ ಉಪಕಾರ ಅಲ್ಲ, ಕಾಯ್ದೆಯಲ್ಲಿದೆ. ಸಮಿತಿ ಎದುರು ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ಅದೂ ನಿಯಮ. ನನ್ನಂಥವರಿಗೆ ನಷ್ಟ, ನಿಮಗೆ ಲಾಭ. ದೂರಿನ ಆರು ಪ್ರತಿ ಬೇಕು, ಸಾಕ್ಷಿಗಳ ಹೆಸರು ಸೇರಿಸಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ರಜೆ, ಬೇರೆ ಕಡೆ ಕೆಲಸ, ಇಲ್ಲಾ ಆರೋಪಿ ನಿಮ್ಮ ಕೆಲಸವನ್ನು ಅಳೆಯದಂತೆ ತಡೆ, ಇಂಥದ್ದನ್ನು ಕೇಳಬಹುದು. ನಾಟಕದ ಭಾಷೆಯಲ್ಲಿ ಹೇಳಬೇಕಂದ್ರೆ, ದೂರು ಮುಗಿಯುವ ತನಕ ಅವಳ ಪಾತ್ರದ ತೀರ್ಮಾನ ಅವರ ಕೈಯಲ್ಲಿ ಇರಬಾರದು ಅಂತ ಕೇಳಿ.

ಪೊಲೀಸ್ ದಾರಿ ಬೇರೆಯೇ ಇದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳದ್ದು. ಒಂದು ಹಿಡಿದರೆ ಇನ್ನೊಂದು ಬಿಡಬೇಕು ಅಂತಿಲ್ಲ. ಅದಕ್ಕೆ ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ. ಫೋನ್ 15100.

ಹದಿನೆಂಟು ತುಂಬದ ಮಕ್ಕಳು ತಂಡದಲ್ಲಿದ್ದು ಅವರ ಮೇಲೂ ಇಂಥದ್ದು ನಡೆದಿದ್ದರೆ ವಿಷಯ ಪೂರ್ತಿ ಬೇರೆ. ಅದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ. ಗೊತ್ತಿದ್ದೂ ತಿಳಿಸದವರಿಗೂ ಶಿಕ್ಷೆ ಇದೆ. ಅಧ್ಯಕ್ಷರಿಗೆ 'ಮನೆ ಮಾತು' ಅನ್ನುವ ಅವಕಾಶವೇ ಇಲ್ಲ.

ಹಾಂ, ಆ ವಾಟ್ಸಾಪ್ ಸಂದೇಶ, ಗ್ರೂಪಿನಿಂದ ತೆಗೆದದ್ದು ಕಾಣುವ ಸಾಲು, ವಾಯ್ಸ್ ನೋಟುಗಳು, ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಮೂಲ ಚಾಟ್ ಇರುವ ಫೋನೂ ಇರಲಿ. ಈಗ ಹೊಸ ಫೋನ್ ತಗೊಳ್ಳಬೇಡಿ!

ತಿತಿಮತಿ ದುಡಿ:
ಮೇಲಿನದನ್ನೆಲ್ಲ ಓದಿದೆ. ಹೆಂಗಸರ ವಿಷಯಕ್ಕೆ ಕಾಯ್ದೆ ಇದೆ ಅಂತಾಯಿತು. ಆ ಯರವ ಹುಡುಗನ ವಿಷಯ ಯಾರೂ ಮುಟ್ಟಲಿಲ್ಲ. ನನಗೇನೂ ಆಶ್ಚರ್ಯ ಇಲ್ಲ, ಸುಮ್ನೆ ಹೇಳಿದೆ.

ಆ ಹುಡುಗ ನಾನಲ್ಲ. ನಾನು ಬೇರೆ ತಂಡದಲ್ಲಿದ್ದವನು, ಆದರೆ ನಮ್ಮವನೇ. ನನ್ನ ಕಥೆ ಹೇಳುತ್ತೇನೆ. ಒಂದು ಪೌರಾಣಿಕ ನಾಟಕ. ನನಗೆ ಬೇಡನ ಪಾತ್ರ. ಮೇಕಪ್ಪಿನವರು ನನ್ನ ಮುಖಕ್ಕೆ ಕಪ್ಪು ಬಳಿಯಲು ಶುರು ಮಾಡಿದರು. ನಾನು ಮೊದಲೇ ಕಪ್ಪು. ಯಾಕಣ್ಣ ಅಂತ ಕೇಳಿದೆ. 'ಲೈಟ್ ಬಿದ್ರೆ ಬೆಳ್ಳಗೆ ಕಾಣ್ತೀಯ, ಕಾಡಿನವನ ಥರಾ ಕಾಣಬೇಡ್ವಾ' ಅಂದರು. ಕಾಡಿನಲ್ಲಿ ಹುಟ್ಟಿದವನು ನಾನು, ಕಾಡಿನವನು ಹೇಗಿರ್ತಾನೆ ಅಂತ ಅವರು ನನಗೆ ಹೇಳ್ತಾರೆ. ಪಕ್ಕದ ಕುರ್ಚಿಯಲ್ಲಿ ರಾಜನಿಗೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು. ಅವನಿಗೆ ಕನ್ನಡಿ, ನನಗೆ ಇಲ್ಲ.

ಅದೇ ನಾಟಕಕ್ಕೆ ನನ್ನ ಅಜ್ಜಿ ಹೇಳುತ್ತಿದ್ದ ಹಾಡು ಒಂದನ್ನು ಹಾಡಿದೆ. ದುಡಿ ಬಾರಿಸಿದ್ದೂ ನಾನೇ. ಎಲ್ಲ ಕಡೆ ಜನ ಚಪ್ಪಾಳೆ ಹೊಡೆದದ್ದು ಅದಕ್ಕೇ. ಕರಪತ್ರದಲ್ಲಿ ಸಂಗೀತ ಅಂತ ಬೇರೆಯವರ ಹೆಸರು. ನನ್ನದು ಕೆಳಗೆ 'ಸಹಕಾರ' ಅನ್ನುವ ಸಾಲಿನಲ್ಲಿ, ಪೆಂಡಾಲಿನವರ ಜೊತೆ. ಊಟದ ಕಥೆ ಇನ್ನೊಂದು. ಪ್ರದರ್ಶನ ಮುಗಿದ ಮೇಲೆ ಊರಿನ ದೊಡ್ಡವರೊಬ್ಬರ ಮನೆಯಲ್ಲಿ ಊಟ. ಎಲ್ಲರೂ ಒಳಗೆ ಹೋದರು. ನನಗೆ 'ಒಳಗೆ ಜಾಗ ಸಾಲಲ್ಲ, ನೀನು ಇಲ್ಲೇ ಕೂತ್ಕೋ' ಅಂತ ಜಗಲಿಯಲ್ಲಿ ಎಲೆ ಹಾಕಿದರು. ಒಳಗೆ ಎರಡು ಕುರ್ಚಿ ಖಾಲಿ ಇದ್ದದ್ದು ಕಿಟಕಿಯಿಂದ ಕಾಣ್ತಿತ್ತು. ತಂಡದವರು ಒಬ್ಬರೂ ಎದ್ದು ಬರಲಿಲ್ಲ. ರಂಗದ ಮೇಲೆ ಸಮಾನತೆ ಬಗ್ಗೆ ಅಷ್ಟುದ್ದ ಮಾತು ಹೇಳಿ ಬಂದವರು.

ಈಗ ಹೇಳಿ, ಇದಕ್ಕೆ ಯಾವ ಸಮಿತಿ?

ವಕೀಲರ ಕಟ್ಟೆ:
ನೀವು ಕೇಳಿದ್ದು ಸರಿ. ಪೋಶ್ ಕಾಯ್ದೆಯಲ್ಲಿ ಇದಕ್ಕೆ ಜಾಗ ಇಲ್ಲ. ಅದು ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ.

ನಿಮಗಿರುವುದು ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ. ಜಾತಿ ಹಿಡಿದು ಬೈದರೆ, ಸಾರ್ವಜನಿಕರ ಕಣ್ಣೆದುರು ಬೇಕಂತಲೇ ಅವಮಾನ ಮಾಡಿದರೆ ಅಪರಾಧ. ಇಲ್ಲಿ 'ಸಾರ್ವಜನಿಕರ ಕಣ್ಣೆದುರು' ಅನ್ನುವುದೇ ಜಗ್ಗಾಟದ ಜಾಗ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಂಗೆ ಬರಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ತಾಲೀಮಿನಲ್ಲಿ ಯಾರ್ಯಾರು ಇದ್ದರು, ನೋಡಲು ಬಂದ ಊರಿನವರು ಇದ್ದರಾ, ಬಾಗಿಲು ತೆರೆದಿತ್ತಾ, ಇದೆಲ್ಲ ಮುಖ್ಯ ಆಗುತ್ತದೆ. ದೂರು ಪೊಲೀಸ್ ಠಾಣೆಯಲ್ಲಿ ಕೊಡಬಹುದು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ.

ಪಾತ್ರ ಹಂಚಿಕೆ, ಕರಪತ್ರದ ಹೆಸರು, ಕಪ್ಪು ಬಣ್ಣ, ಇವನ್ನು ಕೋರ್ಟಿಗೆ ಒಯ್ಯೋದು ಕಷ್ಟ. ಅನ್ಯಾಯ ಅಲ್ಲ ಅಂತ ಹೇಳ್ತಿಲ್ಲ. ಕಾನೂನಿನ ಕೈ ಅಲ್ಲಿಯವರೆಗೆ ಚಾಚಲ್ಲ. ಅಲ್ಲಿ ತಂಡದ ಒಳಗೇ ನಿಯಮ ಬೇಕು. ಗಂಡು ಹುಡುಗರ ಮೇಲೆ ನಡೆಯುವ ಕಿರುಕುಳಕ್ಕೂ ಇದೇ ಮಾತು. ನಾಟಕ ತಂಡಗಳಲ್ಲಿ ಅದೂ ಇದೆ, ಯಾರೂ ಬಾಯಿ ಬಿಡಲ್ಲ.

ಹಾರಂಗಿ ಹಿನ್ನೀರು:
ತಿತಿಮತಿ ದುಡಿ, ಆ ಜಗಲಿ ಊಟದ ದಿನ ನಿಮ್ಮ ತಂಡದವರು ಆಮೇಲಾದರೂ ಏನಾದರೂ ಅಂದರಾ?

ತಿತಿಮತಿ ದುಡಿ:
ಅಂದರು. 'ನೀನು ಬೇಜಾರು ಮಾಡ್ಕೋಬೇಡ, ಆ ಮನೆಯವರು ಹಳೇ ಕಾಲದವರು' ಅಂದರು. ಮುಂದಿನ ವರ್ಷವೂ ಅದೇ ಮನೆಯಲ್ಲಿ ಊಟ ಇಟ್ಟುಕೊಂಡರು.

ಕುಟ್ಟ ಚೆಕ್‌ಪೋಸ್ಟ್:
ನಾನು ಗಡಿಯವನು. ಕೇರಳದ ಕಡೆಯೂ ತಂಡಗಳ ಜೊತೆ ಓಡಾಡುತ್ತೇನೆ. ಅಲ್ಲಿನ ಸಿನಿಮಾದವರ ವಿಷಯ ಸ್ವಲ್ಪ ಹೇಳುತ್ತೇನೆ, ನಮಗೂ ಉಪಯೋಗ ಇದೆ. 2017ರಲ್ಲಿ ಅಲ್ಲಿನ ಹೆಂಗಸರು ಸೇರಿ ಡಬ್ಲ್ಯುಸಿಸಿ (ವಿಮೆನ್ ಇನ್ ಸಿನಿಮಾ ಕಲೆಕ್ಟಿವ್) ಅಂತ ಒಂದು ಗುಂಪು ಕಟ್ಟಿದರು. ಅವರು ಒತ್ತಾಯ ಮಾಡಿದ ಮೇಲೆ ಸಿನಿಮಾದಲ್ಲಿ ಹೆಂಗಸರ ಕಷ್ಟ ತಿಳಿಯಲು ಸರ್ಕಾರ ನ್ಯಾಯಮೂರ್ತಿ ಹೇಮಾ ಸಮಿತಿ ಮಾಡಿತು. ವರದಿ 2019ರ ಕೊನೆಗೇ ಸರ್ಕಾರದ ಕೈಗೆ ಬಂತು. ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ನಾಲ್ಕೂವರೆ ವರ್ಷ ಕಪಾಟಿನಲ್ಲಿತ್ತು.

ಎಲ್ಲರೂ ಆ ವರದಿಯಲ್ಲಿ ದೊಡ್ಡ ನಟರ ಹೆಸರು ಹುಡುಕಿದರು. ನನ್ನ ಕಣ್ಣಿಗೆ ಬಿದ್ದದ್ದು ಶೌಚಾಲಯ. ಸೆಟ್ಟಿನಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ ಅನ್ನುವುದೂ ಅದರಲ್ಲಿ ದೊಡ್ಡ ವಿಷಯ. ನಮ್ಮ ಬಯಲು ನಾಟಕಗಳ ಕಥೆ ನೆನೆಸಿಕೊಳ್ಳಿ. ಸ್ಟೇಜಿನ ಹಿಂದೆ ಎರಡು ಕಂಬಕ್ಕೆ ಸೀರೆ ಕಟ್ಟಿ ಅದನ್ನೇ ಗ್ರೀನ್ ರೂಮ್ ಅಂತೀವಿ. ಒಳಗೆ ಬಲ್ಬ್ ಉರಿದರೆ ಆಚೆಗೆ ನೆರಳು ಕಾಣುತ್ತದೆ. ಲೈಟ್ ಬೋರ್ಡ್ ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅದಕ್ಕೂ ಮೊದಲು, 2022ರಲ್ಲಿ, ಕೇರಳ ಹೈಕೋರ್ಟ್ ಇನ್ನೊಂದು ಮಾತು ಹೇಳಿತ್ತು. ಒಂದೊಂದು ಸಿನಿಮಾದ ಘಟಕವೂ ಒಂದು ಕೆಲಸದ ಸ್ಥಳ, ಅಲ್ಲೇ ಸಮಿತಿ ಇರಬೇಕು ಅಂತ. ನಾಟಕಕ್ಕೂ ಅದೇ ನ್ಯಾಯ ಆಗಬೇಕಲ್ವಾ? ಒಂದೊಂದು ನಾಟಕಕ್ಕೂ ಬೇರೆ ಜನ ಸೇರ್ತಾರೆ, ಮುಗಿದ ಮೇಲೆ ಚದುರ್ತಾರೆ. ಆಮೇಲೆ ಕೇಳಲು ಹೋದರೆ ತಂಡವೇ ಇರಲ್ಲ.

ಹಳೇ ಬಣ್ಣ:
ಸಿನಿಮಾದಲ್ಲಿ ಕೋಟಿ ಓಡಾಡುತ್ತದೆ. ಇಲ್ಲಿ ಮೈಕ್ ಬಾಡಿಗೆಗೇ ಪರದಾಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕಾನೂನು, ಸಮಿತಿ, ದಂಡ ಅಂತ ಹೊರಟರೆ ಇರುವ ನಾಲ್ಕು ತಂಡವೂ ಮುಚ್ಚುತ್ತವೆ. ಸುಳ್ಳು ದೂರು ಕೊಟ್ಟರೆ ಏನು ಮಾಡ್ತೀರಿ? ಒಬ್ಬನ ಜೀವಮಾನದ ಹೆಸರು ಹೋಗುತ್ತದೆ.

ಜೀಪಿನ ವಿಷಯ ಮಾತ್ರ ನನಗೂ ಸರಿ ಕಾಣಲಿಲ್ಲ. ಅದನ್ನು ಯಾವ ಗುರುವೂ ಹೇಳಿಕೊಟ್ಟಿಲ್ಲ.

ವಕೀಲರ ಕಟ್ಟೆ:
ಬೇಕಂತಲೇ ಸುಳ್ಳು ದೂರು ಕೊಟ್ಟರೆ ಕ್ರಮಕ್ಕೆ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಸಾಬೀತು ಮಾಡಲಾಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗಲ್ಲ. ಅದನ್ನೂ ಅಲ್ಲೇ ಬರೆದಿದ್ದಾರೆ.

ಕಾಫಿ ಹೂ:
ಒಬ್ಬನ ಹೆಸರು ಹೋಗುತ್ತದೆ ಅಂತ ಚಿಂತೆ ಮಾಡುವವರು, ರಂಗ ಬಿಟ್ಟು ಹೋದ ಹುಡುಗಿಯರ ಪಟ್ಟಿ ಯಾವತ್ತಾದರೂ ಮಾಡಿದ್ದೀರಾ? ನಮ್ಮಲ್ಲಿ ಹುಡುಗಿಯರು ಸಿಗಲ್ಲ ಅಂತ ಎಲ್ಲ ತಂಡವೂ ಗೋಳಾಡುತ್ತದೆ. ಮದುವೆ ಆಯಿತು, ಮನೆಯವರು ಬೇಡ ಅಂದರು ಅಂತ ಕಾರಣ ಹೇಳ್ತಾರೆ. ಮನೆಯವರು ಯಾಕೆ ಬೇಡ ಅಂದರು?

ಹಾರಂಗಿ ಹಿನ್ನೀರು:
ನನಗೆ ಅನಿಸೋದು ಬೇರೆ. ಹಳೆಯ ಕಂಪನಿ ನಾಟಕಗಳಲ್ಲಿ ಮಾಲೀಕ ಇರ್ತಿದ್ದ, ಸಂಬಳ ಇರ್ತಿತ್ತು. ಅಲ್ಲಿ ಶೋಷಣೆ ಇರಲಿಲ್ಲ ಅಂತಲ್ಲ, ಆದರೆ ಜಗಳ ಆಡಲು ಒಬ್ಬ ಮನುಷ್ಯ ಇದ್ದ. 1989ರಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣ ಸರ್ಕಾರದ್ದು. ಸರ್ಕಾರಿ ಸಂಸ್ಥೆ ಅಂದ ಮೇಲೆ ಕಚೇರಿ ಇದೆ, ಕಡತ ಇದೆ, ಕೇಳಲು ಒಂದು ಬಾಗಿಲು ಇದೆ. ನಮ್ಮ ಹವ್ಯಾಸಿ ರಂಗಭೂಮಿಗೆ ಇದು ಯಾವುದೂ ಇಲ್ಲ. ಎಲ್ಲರೂ ಸೇವೆ ಮಾಡುವವರು. ಹೊಗಳುವಾಗ ನಿರ್ದೇಶಕರ ತಂಡ, ತಪ್ಪು ಕೇಳಲು ಹೋದರೆ ಎಲ್ಲರ ತಂಡ.

ಆದರೆ ಇದೇ ತಂಡಗಳು ಸಂಘ ಅಂತ ನೋಂದಣಿ ಆಗಿರುತ್ತವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅನುದಾನದ ಅರ್ಜಿ ಹಾಕುವಾಗ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಇರ್ತಾರೆ. ಹಣ ತಗೊಳ್ಳುವಾಗ ಸಂಸ್ಥೆ, ಉತ್ತರ ಕೊಡುವಾಗ ಮನೆ. ಇದು ಯಾವ ನ್ಯಾಯ?

ಎರಡನೇ ಸಾಲು:
ಹಣದ ಮಾತು ಬಂತಲ್ಲ, ನಾನೂ ಒಂದು ಹೇಳಿಬಿಡ್ತೇನೆ. ನಾನಿದ್ದ ಒಂದು ತಂಡದಲ್ಲಿ ಪ್ರದರ್ಶನ ಆದ ಮೇಲೆ ಗೌರವಧನ ಕೊಡ್ತಿದ್ದರು. ಓಚರಿನಲ್ಲಿ ಮೊತ್ತದ ಜಾಗ ಖಾಲಿ. ರೆವಿನ್ಯೂ ಸ್ಟಾಂಪ್ ಮಾತ್ರ ಅಂಟಿಸಿರ್ತಿದ್ದರು. ಅದರ ಮೇಲೆ ಸಹಿ ಹಾಕು ಅಂತಿದ್ದರು. ಕೈಗೆ ಬರ್ತಿದ್ದದ್ದು ಐನೂರು. ಆಮೇಲೆ ಎಷ್ಟು ಬರೆದುಕೊಂಡರೋ ದೇವರಿಗೇ ಗೊತ್ತು. ಸಹಿ ಹಾಕಲ್ಲ ಅಂದ ಹುಡುಗನಿಗೆ 'ದುಡ್ಡಿಗೋಸ್ಕರ ನಾಟಕಕ್ಕೆ ಬಂದೆಯಾ' ಅಂತ ಕೇಳಿದರು.

ವಕೀಲರ ಕಟ್ಟೆ:
ಸರ್ಕಾರದ ಅನುದಾನ ಆಗಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಇಲಾಖೆಗೆ ಅರ್ಜಿ ಹಾಕಿ. ತಂಡದವರು ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರ, ಅದರ ಜೊತೆ ಓಚರ್ ಕೊಟ್ಟಿದ್ದರೆ ಅದರ ಪ್ರತಿ ಕೇಳಿ. ನಿಮ್ಮ ಸಹಿ ಎಷ್ಟು ರೂಪಾಯಿಯ ಕೆಳಗಿದೆ ಅಂತ ನೋಡಬಹುದು. ಮೊತ್ತ ಬರೆಯದ ಓಚರಿಗೆ ಇನ್ನು ಮುಂದೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ನಿಮ್ಮ ಕೈಯಲ್ಲೇ 'ರೂ. 500 ಮಾತ್ರ' ಅಂತ ಬರೆದು, ಫೋಟೋ ತೆಗೆದುಕೊಳ್ಳಿ.

ಸೋಮವಾರಪೇಟೆ ಕಾರ್ಯದರ್ಶಿ:
ನಮ್ಮದು ಸಣ್ಣ ತಂಡ. ಒಂದು ಗಲಾಟೆ ಆದ ಮೇಲೆ ನಾವು ನಿಯಮ ಬರೆದೆವು. ಗಲಾಟೆ ಏನು ಅಂತ ಹೇಳಲ್ಲ. ನಿಯಮ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಮೂಲ ವಿಚಾರ ನಮ್ಮದಲ್ಲ. ಅಮೆರಿಕದ ಶಿಕಾಗೊದಲ್ಲಿ ಒಂದು ಸಣ್ಣ ನಾಟಕ ತಂಡ ಇತ್ತು. ಅಲ್ಲಿ ವರ್ಷಗಟ್ಟಲೆ ನಟಿಯರ ಮೇಲೆ ನಡೆದ ಕಿರುಕುಳ 2016ರಲ್ಲಿ ಪತ್ರಿಕೆಯಲ್ಲಿ ಬಂತು. ಕೆಲವೇ ದಿನದಲ್ಲಿ ಅದು ಬಾಗಿಲು ಹಾಕಿತು. ಆ ಊರಿನ ರಂಗದವರು ಅಷ್ಟಕ್ಕೇ ಬಿಡಲಿಲ್ಲ. ಹಲವು ತಂಡದವರು ಕೂತು ಚರ್ಚೆ ಮಾಡಿ 2017ರಲ್ಲಿ ಶಿಕಾಗೊ ಥಿಯೇಟರ್ ಸ್ಟ್ಯಾಂಡರ್ಡ್ಸ್ ಅಂತ ಪ್ರಕಟಿಸಿದರು. ಅದು ಮುಖ್ಯವಾಗಿ ಯೂನಿಯನ್ ಇಲ್ಲದ ಸಣ್ಣ ತಂಡಗಳಿಗೆ. ಹಾಗಾಗಿ ನಮಗೂ ಹಿಡಿಸಿತು. ಇಷ್ಟವಾದರೆ ಮಾಡಿ, ಇಲ್ಲದಿದ್ದರೆ ಬಿಡಿ ಅನ್ನುವಂಥದ್ದು, ಕಾನೂನಲ್ಲ.

ಅದರಿಂದ ನಾವು ತಗೊಂಡ ದೊಡ್ಡ ಸಂಗತಿ ಒಂದೇ. ತಂಡದಿಂದ ಒಬ್ಬ ಪ್ರತಿನಿಧಿಯನ್ನು ನಟರೇ ಆರಿಸಬೇಕು, ನಿರ್ದೇಶಕರಲ್ಲ. ಮೊದಲ ದಿನ ನಾಟಕ ಓದುವ ಮೊದಲು ನಿಯಮದ ಕಾಗದ ಓದಬೇಕು. ಕಷ್ಟ ಬಂದರೆ ಮೊದಲು ಯಾರಿಗೆ ಹೇಳಬೇಕು, ಅವರು ಕೇಳದಿದ್ದರೆ ಆಮೇಲೆ ಯಾರಿಗೆ, ಹೆಸರು ಫೋನ್ ನಂಬರ್ ಸಮೇತ ಬರೆದಿರಬೇಕು. ಇಲ್ಲಿ ನಮಗೊಂದು ತಾಪತ್ರಯ ಆಯಿತು. ಕೊಡಗಿನಲ್ಲಿ ನೆಂಟರಲ್ಲದವರನ್ನು ಹುಡುಕುವುದೇ ಕಷ್ಟ ಮಾರಾಯ್ರೆ! ಆರಿಸಿದ ಹುಡುಗಿ ನಿರ್ದೇಶಕರ ಚಿಕ್ಕಪ್ಪನ ಮಗಳು. ಯಾರು ಅವಳ ಹತ್ತಿರ ಹೇಳ್ತಾರೆ? ಕೊನೆಗೆ ಬೇರೆ ಊರಿನ, ನಿವೃತ್ತರಾದ ಒಬ್ಬ ನರ್ಸ್ ಅಮ್ಮನನ್ನು ಒಪ್ಪಿಸಿದೆವು. ಅವರು ನಾಟಕ ನೋಡುವವರೂ ಅಲ್ಲ. ಅದೇ ಒಳ್ಳೆಯದಾಯಿತು, ಯಾರ ಕಲೆಯ ಮೇಲೂ ಅವರಿಗೆ ಭಕ್ತಿ ಇಲ್ಲ.

ಉಳಿದದ್ದು ನಮ್ಮ ಊರಿಗೆ ಬೇಕಾದದ್ದು. ತಾಲೀಮು ಕೊನೆಯ ಬಸ್ಸಿಗೆ ಸರಿಯಾಗಿ ಮುಗಿಯಬೇಕು. ಹೊತ್ತಾದರೆ ವಾಹನ ತಂಡದ ಖರ್ಚಿನಲ್ಲಿ, ನಿರ್ದೇಶಕರ ಗಾಡಿ ಅಲ್ಲ. ಡ್ರೈವರ್ ಜೊತೆ ಒಬ್ಬಳೇ ಉಳಿಯದಂತೆ ಇಳಿಸುವ ಸರದಿ ಮೊದಲೇ ಬರೆದಿರುತ್ತದೆ. ನಿರ್ದೇಶಕರು ನಿಲುವು ತಿದ್ದಬೇಕಾದರೆ ತಾವೇ ನಿಂತು ತೋರಿಸಬೇಕು, ಮುಟ್ಟಬೇಕಾದರೆ ಕೇಳಿ ಮುಟ್ಟಬೇಕು. ಅಪ್ಪುವ, ಹೊಡೆಯುವ ದೃಶ್ಯ ಒಮ್ಮೆ ಕೂಡಿಸಿದ ಮೇಲೆ ಪ್ರದರ್ಶನದಲ್ಲಿ ಯಾರೂ ಬದಲಿಸುವಂತಿಲ್ಲ. ಗ್ರೀನ್ ರೂಮಿಗೆ ದಪ್ಪ ಟಾರ್ಪಾಲು, ಒಳಗೆ ಫೋನ್ ಇಲ್ಲ. ತಿತಿಮತಿ ದುಡಿ ಬರೆದದ್ದನ್ನು ಓದಿದ ಮೇಲೆ ಇನ್ನೊಂದು ಸೇರಿಸಬೇಕು ಅಂತ ಕಮಿಟಿಗೆ ಹೇಳಿದ್ದೇನೆ. ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕದ ಮನೆಯಲ್ಲಿ ತಂಡ ಊಟ ಮಾಡಲ್ಲ. ಒಬ್ಬರು 'ಊರಿನವರಿಗೆ ಬೇಜಾರಾಗುತ್ತೆ' ಅಂದರು. ಚರ್ಚೆ ಇನ್ನೂ ಮುಗಿದಿಲ್ಲ.

ಹಳೇ ಬಣ್ಣ:
ಬಸ್ಸಿಗೆ ಸರಿಯಾಗಿ ತಾಲೀಮು ಬಿಟ್ಟರೆ ನಾಟಕ ಯಾವಾಗ ಏಳುತ್ತದೆ ಸ್ವಾಮಿ?

ಸೋಮವಾರಪೇಟೆ ಕಾರ್ಯದರ್ಶಿ:
ಒಂದು ಗಂಟೆ ಮೊದಲು ಶುರು ಮಾಡಿದರೆ ಏಳುತ್ತದೆ ಸರ್. ಮೊದಲು ನಿರ್ದೇಶಕರೇ ಲೇಟಾಗಿ ಬರ್ತಿದ್ದರು.

ತಿತಿಮತಿ ದುಡಿ:
ಕಾರ್ಯದರ್ಶಿ ಅಣ್ಣ, ಊಟದ ನಿಯಮ ಪಾಸಾದರೆ ತಿಳಿಸಿ. ಕರಪತ್ರದ್ದೂ ಸೇರಿಸಿ. ಹಾಡು ಯಾರದು, ಯಾರಿಂದ ಕಲಿತದ್ದು, ಬಾರಿಸಿದವರು ಯಾರು, ಅಚ್ಚಿಗೆ ಹೋಗುವ ಮೊದಲು ಅವರಿಗೇ ತೋರಿಸಬೇಕು. 'ಜಾನಪದ' ಅಂತ ಬರೆದು ಕೈ ತೊಳೆದುಕೊಳ್ಳಬಾರದು. ಅಜ್ಜಿಗೆ ಹೆಸರಿದೆ.

ಲೈಟ್ ಬೋರ್ಡ್:
ಎಲ್ಲರಿಗೂ ಥ್ಯಾಂಕ್ಸ್. ನಾವು ಸಹಿ ಹಾಕಿದವರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಇಬ್ಬರು ಹಿಂದೆ ಸರಿದಿದ್ದಾರೆ. ಒಬ್ಬಳಿಗೆ ಮದುವೆ ಮಾತು ನಡೀತಿದೆ, ಇನ್ನೊಬ್ಬಳ ಅಪ್ಪ ಅದೇ ಸಂಘದ ಖಜಾಂಚಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಉಳಿದವರು ಸ್ಥಳೀಯ ಸಮಿತಿಗೆ ಕೊಡುವುದು ಅಂತಾಗಿದೆ. ಜೀಪಿನದ್ದು ನಡೆದು ಮೂರು ತಿಂಗಳು ಆಗಿಲ್ಲ, ಅದನ್ನೇ ಮುಂದೆ ಇಡುತ್ತೇವೆ. ನಾನು ಸಾಕ್ಷಿ. ಬೋರ್ಡಿನ ಹಿಂದೆ ಕತ್ತಲಲ್ಲಿ ಕೂರುವವಳು ನಾನು, ಸ್ಟೇಜಿನ ಮೇಲೆ ನಡೆಯೋದೆಲ್ಲ ನನಗೆ ಕಾಣುತ್ತದೆ ಅನ್ನೋದು ಅವರಿಗೆ ಮರೆತುಹೋಗಿರಬೇಕು.

ನಮ್ಮ ಹುಡುಗನಿಗೆ ಈ ಎಳೆ ಪೂರ್ತಿ ಓದಿ ಹೇಳಿದೆ. ಪೊಲೀಸ್ ದೂರು ಸದ್ಯಕ್ಕೆ ಬೇಡ ಅಂದ. ಅವನ ಅಪ್ಪ ಅಮ್ಮ ಕೆಲಸ ಮಾಡುವ ತೋಟದ ಮಾಲೀಕರೂ ನಿರ್ದೇಶಕರೂ ಸ್ನೇಹಿತರು. ಲೈನ್ ಮನೆ, ಅಂದರೆ ತೋಟದವರು ಕೊಟ್ಟ ಕೂಲಿಯವರ ಮನೆ, ಬಿಡಿಸಿದರೆ ಎಲ್ಲಿಗೆ ಹೋಗೋದು ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಯಾವ ದಿನ, ಯಾರೆದುರು, ಏನಂದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಒಪ್ಪಿದ್ದಾನೆ. ತಿತಿಮತಿ ದುಡಿ ಅವರ ಜೊತೆ ಮಾತಾಡಬೇಕಂತೆ. ನಂಬರ್ ಇಲ್ಲಿ ಬೇಡ, ಒಳಪೆಟ್ಟಿಗೆಗೆ ಕಳಿಸುತ್ತೀರಾ?

ವಕೀಲರ ಕಟ್ಟೆ:
ಲೈನ್ ಮನೆಯ ಭಯ ಸುಳ್ಳಲ್ಲ. ಸಾಕ್ಷಿಗಳನ್ನು, ದೂರುದಾರರನ್ನು ಕಾಪಾಡುವುದಕ್ಕೆ ದೌರ್ಜನ್ಯ ತಡೆ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು ಒಂದು ಅಧ್ಯಾಯವನ್ನೇ ಸೇರಿಸಿದ್ದಾರೆ. ಕಾಗದದಲ್ಲಿರುವುದು ತೋಟದೊಳಗೆ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು. ಅವನು ಯಾವಾಗ ತಯಾರಾಗುತ್ತಾನೋ ಆಗ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರಲಿ. ನೋಟ್‌ಬುಕ್ ಅವನ ಹತ್ತಿರವೇ ಇರಲಿ, ತಂಡದ ಯಾರ ಮನೆಯಲ್ಲೂ ಬೇಡ.

ತಿತಿಮತಿ ದುಡಿ:
ಕಳಿಸಿದ್ದೇನೆ ಅಕ್ಕ. ಸಂಜೆ ಆರರ ಮೇಲೆ ಮಾಡಲು ಹೇಳಿ, ಹಗಲು ತೋಟದಲ್ಲಿ ಸಿಗ್ನಲ್ ಇರಲ್ಲ.

ಕಾಫಿ ಹೂ:
ಮಡಿಕೇರಿಗೆ ಹೋಗುವ ದಿನ ನನಗೂ ಹೇಳಿ. ನಾನು ಕಾರ್ ತರ್ತೇನೆ. ಎಲ್ಲರನ್ನೂ ಮನೆ ಬಾಗಿಲಿಗೇ ಬಿಡ್ತೇನೆ.

ನಿರ್ವಾಹಕರು:
ಸಮಿತಿಗೆ ದೂರು ಹೋದ ಮೇಲೆ ದೂರಿನ ವಿವರ, ದೂರು ಕೊಟ್ಟವರ, ಆರೋಪಿಯ, ಸಾಕ್ಷಿಗಳ ಗುರುತು ಯಾವುದನ್ನೂ ಪ್ರಕಟಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಈ ಎಳೆಗೆ ಇಲ್ಲಿಗೆ ಬೀಗ ಹಾಕುತ್ತಿದ್ದೇನೆ. ಸೋಮವಾರಪೇಟೆಯವರ ನಿಯಮದ ಕಾಗದಕ್ಕೆ ಬೇರೆ ಎಳೆ ತೆರೆದಿದ್ದೇನೆ. ನಿಮ್ಮ ತಂಡದಲ್ಲಿ ಏನು ಸೇರಿಸಬೇಕು, ಏನು ಬಿಡಬೇಕು ಅಂತ ಅಲ್ಲಿ ಬರೆಯಿರಿ. ಹಳೇ ಬಣ್ಣ ಸರ್, ನೀವೂ ಬನ್ನಿ. ಬಸ್ಸಿನ ಸಮಯದ ಬಗ್ಗೆ ಅಲ್ಲಿ ಆಗಲೇ ಜಗಳ ಶುರುವಾಗಿದೆ.